ಬಾಗಿಲಿಗೆ ಅಡ್ಡ ಕೆಂಪು ತಂತಿ

ಶಾಲೆಯ ಏಕೈಕ ಸೋಲ್ಡರಿಂಗ್ ಐರನ್ ಇನ್ನು ಮುಂದೆ ಮಕ್ಕಳ ಕೈಯಲ್ಲಿರಬೇಕೋ, ಬೀರುವಿನೊಳಗಿರಬೇಕೋ ಎಂಬ ಮಹತ್ವದ ಪ್ರಶ್ನೆ ಅಂದು ಶಾಸಕರ ಸಮ್ಮುಖದಲ್ಲಿ ಇತ್ಯರ್ಥವಾಗಬೇಕಿತ್ತು.

ಏಳನೇ ತರಗತಿಯ ವಾರಿಜಾ ತಾನೇ ಬೆಸುಗೆ ಹಾಕಿ ಕಳ್ಳನನ್ನು ಹಿಡಿಯುವ ಗಂಟೆ ಮಾಡಿದ್ದಳು. ತರಗತಿಯ ಬಾಗಿಲಿಗೆ ಅಡ್ಡ ಕಟ್ಟಿದ ಕೆಂಪು ತಂತಿಯನ್ನು ಕಳ್ಳ ತುಂಡರಿಸಿದರೆ ಗಂಟೆ ಬಡಿದುಕೊಳ್ಳಬೇಕು.

"ಹೊಡ್ಕೊಂಡ್ರೆ ಐರನ್ ನಿಮ್ಗೇ. ಇಲ್ದಿದ್ರೆ ಬೀರುಗೆ," ಎಂದಿದ್ದರು ಹೆಡ್‌ಮಾಸ್ತರು.

"ಸಾರ್, ಕಳ್ಳ ಯಾರಾಗೋದು?"

"ಶಾಸಕರ ಮುಂದೆ ಯಾರಮ್ಮ ಒಪ್ತಾರೆ? ನೀನೇ ಆಗು."

"ಅಯ್ಯೋ, ನಮ್ಮಪ್ಪಾನೂ ಬಂದಿದಾರೆ ಸಾರ್!"

ಅಷ್ಟರಲ್ಲಿ ಕಾರು ಬಂತು. ಹಾರ ಹಾಕಿಸಿಕೊಂಡ ಶಾಸಕರು ನೇರ ಬಾಗಿಲಿಗೇ ನಡೆದರು. ಅಡ್ಡಲಾಗಿ ಕೆಂಪಗೇನೋ ಕಟ್ಟಿದ್ದು ಕಂಡೊಡನೆ, ಅಭ್ಯಾಸಬಲದಿಂದ ಕೈ ಚಾಚಿದರು.

"ಎಲ್ರೀ ಕತ್ತರಿ?"

ಶಾಸಕರಿಗೆ 'ಬೇಡಿ' ಎಂದು ಹೇಳಿ ಅಭ್ಯಾಸವಿಲ್ಲದ ಹೆಡ್‌ಮಾಸ್ತರು ವಾರಿಜಾಳ ಕೈಲಿದ್ದ ಕತ್ತರಿಯನ್ನೇ ಕಸಿದು ಕೊಟ್ಟರು. ಶಾಸಕರು ಫೋಟೊದವನ ಕಡೆ ನಕ್ಕು ತಂತಿ ಕತ್ತರಿಸಿದರು. ಗಂಟೆ ಊರಿಗೆಲ್ಲ ಕೇಳುವಂತೆ ಬಡಿದುಕೊಂಡಿತು.

"ಸಿಕ್ಕಿಬಿದ್ದ ಸಾರ್! ಕಳ್ಳ ಸಿಕ್ಕಿಬಿದ್ದ!" ವಾರಿಜಾ ಕುಣಿದಾಡಿದಳು.

ಸೋಲ್ಡರಿಂಗ್ ಐರನ್ ಅಂದೇ ಬೀರು ಸೇರಿತು.