ಸರ್ಪಸುತ್ತಿಗೆ ಕೆಮ್ಮಣ್ಣು

ಮಂಗಳ ಗ್ರಹದಿಂದ ಮರಳುವ ನೌಕೆಗಳಲ್ಲಿ ಸರ್ಪಸುತ್ತು ನೆಗಡಿಯಷ್ಟೇ ಸಾಮಾನ್ಯ. ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ ಕ್ರಿಮಿ ಆಕಾಶದಲ್ಲಿ ಎಲ್ಲರ ಮೈಯಲ್ಲೂ ಮತ್ತೆ ಏಳುತ್ತದೆ. ಹಾಗಾಗಿ ಡಾಕ್ಟರ್ ಪದ್ಮಜಾ ಅದನ್ನು ನೋಡುವಾಗ ಕೈಗವಸು ಹಾಕುವುದನ್ನೇ ಬಿಟ್ಟಿದ್ದರು.

ಮೆಕ್ಯಾನಿಕ್ ಗುರುಸಿದ್ದಪ್ಪ ಅಂಗಿ ಎತ್ತಿದ. ಸೊಂಟದ ಸುತ್ತ ಗುಳ್ಳೆಗಳ ಮೇಲೆ ಕೆಂಪು ಲೇಪ ಒಣಗಿತ್ತು. ಡಾಕ್ಟರು ಅದನ್ನು ಬೆರಳಿನಿಂದ ಕೆರೆದು ನೋಡಿದರು.

“ಇದೇನು ಹಚ್ಕೊಂಡಿದೀರಿ?”

“ಕೆಮ್ಮಣ್ಣು ರೀ. ಹಾವಿನ ತಲಿ ಬಾಲ ಕೂಡಿದ್ರ ಜೀವ ಹೋಗ್ತದಂತ ನಮ್ಮವ್ವ ಹೇಳ್ತಿದ್ಲು. ಕೂಡಾಕ ಒಂದು ಗೇಣಷ್ಟ ಉಳದಿತ್ರೀ.”

“ಇಲ್ಲಿ ಕೆಮ್ಮಣ್ಣು ಎಲ್ಲಿ ಸಿಕ್ತು?”

ಅವನು ಉಗ್ರಾಣದ ಕಡೆ ನೋಡಿದ. ಅಲ್ಲಿದ್ದುದು ಪರೀಕ್ಷೆಗೆಂದು ಮಂಗಳದಿಂದ ತಂದ ಮಣ್ಣಿನ ಡಬ್ಬಿಗಳು ಮಾತ್ರ.

“ಒಂದ ಚಮಚಾ ತಗೊಂಡೀನ್ರೀ.”

ಆ ಮಣ್ಣು ಮುಟ್ಟಿದವರನ್ನು ಎರಡು ವರ್ಷ ಭೂಮಿಗೆ ಇಳಿಸುವುದಿಲ್ಲ. ಇಳಿಯಲು ಇನ್ನು ಒಂಬತ್ತೇ ದಿನ ಉಳಿದಿತ್ತು. ಡಾಕ್ಟರು ವರದಿ ತೆರೆದು, ‘ಮುಟ್ಟಿದವರು’ ಎಂಬಲ್ಲಿ ಅವನ ಹೆಸರು ಬರೆದರು.

“ಉರಿ ಕಡಿಮೆ ಆಯ್ತಾ?”

“ಆಗ್ಯದ್ರೀ.”

ಡಾಕ್ಟರು ಕೆಂಪಾಗಿದ್ದ ತಮ್ಮ ಬೆರಳನ್ನು ನೋಡಿದರು. ಆಮೇಲೆ ಅವನ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಬರೆದರು.