ಪಕ್ಕದ ಸೀಟು

ಡ್ರೈವಿಂಗ್ ಮೇಷ್ಟ್ರು ಹೊಸ ಕಾರಿನ ಸ್ಟೀರಿಂಗ್ ಹಿಡಿದು ಮಾಡಿದ ಮೊದಲ ಕೆಲಸವೆಂದರೆ, ಹಿಂದಕ್ಕೆ ಹೋಗಿ ಶೋರೂಮಿನ ಹೂಕುಂಡ ಉರುಳಿಸಿದ್ದು. ಬಾನೆಟ್ಟಿನ ಮೇಲಿನ ರಿಬ್ಬನ್ ಇನ್ನೂ ಬಿಚ್ಚಿರಲಿಲ್ಲ. ಕೀಲಿ ಕೊಟ್ಟು ಫೋಟೊ ತೆಗೆಸಿಕೊಂಡಿದ್ದ ಹುಡುಗಿ, ಟಾಟಾ ಮಾಡಲು ಎತ್ತಿದ ಕೈಯನ್ನು ಹಾಗೇ ಬಾಯಿಗೆ ಅಡ್ಡ ಹಿಡಿದಳು.

"ಗೇರು ಹೊಸದು, ಬಿಗಿ" ಎಂದರು ಮೇಷ್ಟ್ರು.

"ಕುಂಡ ಪ್ಲಾಸ್ಟಿಕ್ಕು, ಏನೂ ಆಗಿಲ್ಲ. ಹೊರಡಿ" ಎಂದಳು ಪಕ್ಕದಲ್ಲಿದ್ದ ಹೆಂಡತಿ.

ಊರಲ್ಲೇ ಒಂದು ಶೋರೂಮ್ ಇತ್ತು. ಅದರ ಮಾಲೀಕ ಮೇಷ್ಟ್ರ ಹಳೆಯ ಶಿಷ್ಯ. "ನೀನು ಎಮ್ಮೆ ಕಾಯೋಕೆ ಲಾಯಕ್ಕು" ಎಂದು ಹರಸಿ ಕಳಿಸಿದವನ ಮುಂದೆಯೇ ಈಗ ಕೈಕಟ್ಟಿ ನಿಂತು ಕಾರು ಕೊಡಪ್ಪಾ ಎನ್ನುವುದು ಹೇಗೆ? ಅದಕ್ಕೇ ಬೆಳಗ್ಗೆ ಎದ್ದು ರೈಲು ಹತ್ತಿ, ತಮ್ಮ ಗುರುತೇ ಇಲ್ಲದ ಈ ದೂರದ ಪಟ್ಟಣಕ್ಕೆ ಬಂದಿದ್ದರು. ಆದರೆ ಒಂದು ಸಂಗತಿ ಅವರಿಗೆ ಹೊಳೆದಿರಲಿಲ್ಲ. ಅರ್ಧ ಊರಿಗೆ ಕಾರು ಕಲಿಸಿದ್ದರು, ನಿಜ. ಕಲಿಸಿದ್ದೆಲ್ಲ ಪಕ್ಕದ ಸೀಟಿನಲ್ಲಿ ಕೂತು, ಅಲ್ಲೇ ಕಾಲಡಿ ಹಾಕಿಸಿಕೊಂಡಿದ್ದ ಎರಡನೇ ಬ್ರೇಕು ತುಳಿದು. ತರಕಾರಿ ತರಲು ಹೋದರೂ ಯಾರಾದರೂ ಶಿಷ್ಯನ ಕೈಗೆ ಸ್ಟೀರಿಂಗ್ ಕೊಟ್ಟು "ಇದೂ ಪಾಠವೇ" ಎನ್ನುತ್ತಿದ್ದರು. ತಾವಾಗಿ ಗಾಡಿ ಓಡಿಸಿ ಯಾವ ಕಾಲವಾಯಿತೋ.

ಪಟ್ಟಣ ದಾಟುವ ಕಡೆ ಒಂದು ದೊಡ್ಡ ಸರ್ಕಲ್ಲು. ಮೇಷ್ಟ್ರು ಒಳಗೆ ನುಗ್ಗಿದರು, ಹೊರಗೆ ಬರಲಾಗಲಿಲ್ಲ. ಇಂಡಿಕೇಟರ್ ಹಾಕಲು ಹೋದರೆ ಒಣಗಾಜಿನ ಮೇಲೆ ವೈಪರ್ ಕಿರ್ರೆಂದು ಅಳತೊಡಗಿತು. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ.

ಸರ್ಕಲ್ಲಿನ ಪಕ್ಕದ ಅದೇ ಪೆಟ್ರೋಲ್ ಬಂಕು ಮತ್ತೊಮ್ಮೆ ಎದುರಾದಾಗ ಹೆಂಡತಿ ಕೇಳಿದಳು, "ರೀ, ಇಲ್ಲೇ ಎಲ್ಲಾದ್ರೂ ಬಾಡಿಗೆ ಮನೆ ನೋಡೋಣ್ವಾ?"

ಮೇಷ್ಟ್ರು ಹೇಗೋ ಬಂಕಿನೊಳಗೇ ಗಾಡಿ ತಿರುಗಿಸಿ ನಿಲ್ಲಿಸಿದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಇಲ್ಲಿಂದ ಒಬ್ಬ ಡ್ರೈವರ್‌ನ ಗೊತ್ತು ಮಾಡ್ಕೊಂಡು ಹೋಗೋಣ" ಎಂದರು, ಕಿಟಕಿಯ ಕಡೆ ಮುಖ ಮಾಡಿ.

ಹೆಂಡತಿ ಚೀಲದಿಂದ ಒಂದು ಕಾರ್ಡು ತೆಗೆದು ಅವರ ತೊಡೆಯ ಮೇಲಿಟ್ಟಳು. ಲೈಸೆನ್ಸು. ಅವಳದೇ ಫೋಟೊ, ಅವಳದೇ ಹೆಸರು.

"ಎಲ್ಲಿ ಕಲಿತೆ?"

"ಅಲ್ಲೇ. ನಮ್ಮ ಎದುರಿನ ಡ್ರೈವಿಂಗ್ ಸ್ಕೂಲಲ್ಲಿ."

"ಆ ಬೊಕ್ಕತಲೆ ಹತ್ರಾನಾ?"

"ನೀವು ಉಂಡು ಮಲಗ್ತಿದ್ರಲ್ಲ, ಆ ಹೊತ್ತಲ್ಲಿ."

ಅವಳು ಅವನ ಜೊತೆ ಓಡಿಹೋಗುತ್ತೇನೆ ಎಂದಿದ್ದರೂ ಮೇಷ್ಟ್ರು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ತಮ್ಮ ಬೋರ್ಡಿನ ಎದುರಿಗೇ ಎರಡು ಪಟ್ಟು ದೊಡ್ಡ ಬೋರ್ಡು ಹಾಕಿದವನು ಅವನು. "ನನ್ನನ್ನ ಒಂದು ಮಾತು ಕೇಳ್ಬಾರದಿತ್ತೇನೇ?"

"ಕೇಳಿದ್ದೆ. ಕಲಿಸೋಕೆ ಕೂತ ಮೊದಲನೇ ದಿನಾನೇ 'ಇದು ಒಲೆ ಹಚ್ಚಿದ ಹಾಗಲ್ಲ ಕಣೇ' ಅಂತ ಬೀದಿಯೆಲ್ಲ ಕೇಳೋ ಹಾಗೆ ಕೂಗಿದ್ರಿ. ಇಳಿದು ಮನೆಗೆ ನಡ್ಕೊಂಡು ಬಂದೆ. ಈಗ ಜಾಗ ಬಿಡಿ."

ಮೇಷ್ಟ್ರು ಜಾಗ ಬಿಟ್ಟರು. ಕಾರು ಸರ್ಕಲ್ಲನ್ನು ಸಲೀಸಾಗಿ ದಾಟಿ ಹೆದ್ದಾರಿಗೆ ಬಿತ್ತು. ಮೊದಮೊದಲು ಎದುರಿಗೆ ಲಾರಿ ಕಂಡಾಗಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. "ಹೊಸ ಮ್ಯಾಟು ರೀ, ತೂತು ಬೀಳುತ್ತೆ" ಎಂದಳು ಅವಳು, ಕಣ್ಣು ರಸ್ತೆಯ ಮೇಲಿಂದ ತೆಗೆಯದೆ. ಮೇಷ್ಟ್ರು ಹದ್ದಿನ ಕಣ್ಣಿಟ್ಟು ತಪ್ಪು ಹುಡುಕಿದರು. ಕನ್ನಡಿ ನೋಡಿಯೇ ಪಕ್ಕಕ್ಕೆ ಸರಿಯುತ್ತಿದ್ದಳು, ಗೇರು ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಬೀಳುತ್ತಿತ್ತು. ಒಂದೇ ಒಂದು ತಪ್ಪೂ ಸಿಗದೆ ಬೇಜಾರಾಗಿ, ಕೊನೆಗೆ ಅವರು ತಮ್ಮ ಜೀವಮಾನದಲ್ಲೇ ಮಾಡದ್ದನ್ನು ಮಾಡಿದರು. ಇನ್ನೊಬ್ಬರು ಕಾರು ಓಡಿಸುವಾಗ ಬಾಯಿ ತೆರೆದು ನಿದ್ದೆ ಹೊಡೆದರು.

"ರೀ, ಏಳಿ. ಊರು ಬಂತು. ಈಗ ನೀವು ಹೊಡೀತೀರಾ?"

ಮೇಷ್ಟ್ರು ಕಣ್ಣುಜ್ಜಿಕೊಂಡರು. ಹೊಸ ಕಾರು ತರುತ್ತೇನೆಂದು ಬೀದಿಗೆಲ್ಲ ತಾವೇ ಡಂಗುರ ಸಾರಿ ಬಂದಿದ್ದರು. ಜನ ಜಗಲಿಗಳ ಮೇಲೆ ಸೇರಿರುತ್ತಾರೆ. ಮನೆಯ ಮುಂದಿನ ತಿರುವು ಬೇರೆ ಇಕ್ಕಟ್ಟು. ಅವರು ಸ್ಟೀರಿಂಗ್ ನೋಡಿದರು, ಹೆಂಡತಿಯ ಮುಖ ನೋಡಿದರು. "ನೀನೇ ಹೊಡಿ. ಹೋದರೆ ಮಾನ ತಾನೇ, ಗೋಡೆಯಾದ್ರೂ ಉಳೀಲಿ" ಎಂದರು.

ಬೀದಿಯಲ್ಲಿ ನಿಜಕ್ಕೂ ಜನವಿತ್ತು. ಎದುರು ಸ್ಕೂಲಿನ ಬೊಕ್ಕತಲೆಯವನೂ ಎದೆಯ ಮೇಲೆ ಕೈಕಟ್ಟಿ ತನ್ನ ಬೋರ್ಡಿನ ಕೆಳಗೆ ನಿಂತಿದ್ದ. ಕಾರು ಓಡಿಸುತ್ತಿರುವುದು ಯಾರೆಂದು ಗುರುತು ಹತ್ತಿದ್ದೇ ಅವನ ಮುಖ ಊರಗಲವಾಯಿತು. ಮುಂದೆ ಬಂದು, ಎಲ್ಲರ ಕಡೆ ತಿರುಗಿ, "ಗೊತ್ತಾ ನಿಮ್ಗೆ, ಈ ಅಮ್ಮನಿಗೆ..." ಎಂದು ಶುರುಮಾಡಿದ.

ಹೆಂಡತಿ ಒಮ್ಮೆ ಓರೆಗಣ್ಣಿನಲ್ಲಿ ಗಂಡನನ್ನು ನೋಡಿದಳು. ಅಷ್ಟು ದೂರ ಒಂದು ಸಲವೂ ಮುಗ್ಗರಿಸದೆ ಬಂದ ಕಾರು, ಸರಿಯಾಗಿ ಬೊಕ್ಕತಲೆಯವನ ಮುಂದೆ ಗಕ್ಕನೆ ಜಿಗಿದು, ಕೆಮ್ಮಿ, ಆಫ್ ಆಯಿತು. ಜನ ಹೋ ಎಂದರು. ಶುರುವಾದ ಮಾತು ಅವನ ಬಾಯಲ್ಲೇ ಉಳಿಯಿತು.

ಮೇಷ್ಟ್ರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆದ ಕೂಡಲೇ ಕಿಟಕಿಯ ಗಾಜು ಇಳಿಸಿದರು, ತಲೆ ಹೊರಗೆ ಹಾಕಿದರು, ಕತ್ತಿನ ನರ ಉಬ್ಬಿಸಿ ಆ ತುದಿಯಿಂದ ಈ ತುದಿಗೆ ಕೇಳುವಂತೆ ಗುಡುಗಿದರು: "ಕ್ಲಚ್ಚು! ಕ್ಲಚ್ಚು ಬಿಡೋದು ಹೀಗೇನೇ? ಯಾವ ಕತ್ತೆ ಕಲಿಸಿದ್ದೇ ನಿನಗೆ?"