ಹಲ್ಲಿನ ಗುರುತು

ಚಪಾತಿ ಹಿಟ್ಟು ನಾದುತ್ತಿದ್ದ ಅವಳ ಸೆರಗನ್ನು ನಾಯಿಮರಿ ಹಿಡಿದು ಜಗ್ಗುತ್ತಿತ್ತು. ಅಮ್ಮನನ್ನು ನೋಡಲು ಬಂದಿದ್ದ ತಮ್ಮ ಅವಳ ಮುಂಗೈ ಕಂಡು ಹೌಹಾರಿದ.

"ಇದೇನೇ ಅಕ್ಕ, ಕೈಯೆಲ್ಲ ಹೀಗೆ ಕಚ್ಚಿಸಿಕೊಂಡಿದ್ದೀಯ?"

"ಮರಿ ಅಲ್ವೇನೋ, ಆಡ್ತಾ ಆಡ್ತಾ ಕಚ್ಚತ್ತೆ. 'ಆಯ್' ಅಂತ ಕೂಗಿ, ಕೈ ಎಳ್ಕೊಳ್ಳದೆ ಸುಮ್ಮನಿದ್ರೆ ಬಿಟ್ಬಿಡತ್ತೆ ಅಂತ ನಾಯಿ ಡಾಕ್ಟ್ರು ಹೇಳಿದ್ದಾರೆ. ಕಲಿಸ್ತಿದ್ದೀನಿ."

"ಎಷ್ಟು ಚೆನ್ನಾಗಿ ಕಲಿತಿದೆ ಅಂತ ನಿನ್ನ ಕೈ ನೋಡಿದ್ರೇ ಗೊತ್ತಾಗತ್ತೆ ಬಿಡು."

ಅವನು ಒಳಕೋಣೆಯತ್ತ ನೋಡಿ ದನಿ ತಗ್ಗಿಸಿದ. "ಅಮ್ಮ ಹೇಗಿದ್ದಾಳೆ? ಮರೆವು ಹೆಚ್ಚಾಗಿ ರಂಪ ಏನಾದ್ರೂ ಮಾಡ್ತಾಳಾ? ಹಾಗಿದ್ರೆ ಈಗಲೇ ಹೇಳು. ವೃದ್ಧಾಶ್ರಮದಲ್ಲಿ ಮಾತಾಡಿಟ್ಟಿದ್ದೀನಿ, ಕರ್ಕೊಂಡು ಹೋಗಿ ಬಿಡ್ತೀನಿ."

"ಅಯ್ಯೋ, ಅಮ್ಮಂದೇನೂ ಇಲ್ಲಪ್ಪ. ಮಗು ಥರ ಇದ್ದಾಳೆ."

"ಹಾಗಾದ್ರೆ ಈ ಮರೀನ ಗೆಳೆಯನ ತೋಟಕ್ಕೆ ಬಿಟ್ಟು ಬರ್ತೀನಿ. ನಾಳೆ ಅಮ್ಮನ್ನೂ ಕಚ್ಚಿದ್ರೆ?"

ಬೇಡ ಎನ್ನಲು ಅವಳಿಗೆ ಕಾರಣ ಸಿಗಲಿಲ್ಲ. ಮರಿ ಅವನ ಕಾರಿನ ಹಿಂದಿನ ಸೀಟಿನಲ್ಲಿ ಬಾಲ ಅಲ್ಲಾಡಿಸುತ್ತ ಹೊರಟುಹೋಯಿತು.

ಅವಳು ಸ್ನಾನಕ್ಕೆ ನೀರು ಬೆರೆಸಿಟ್ಟು ಅಮ್ಮನನ್ನು ಬಚ್ಚಲಿನ ಮಣೆಯ ಮೇಲೆ ಕೂರಿಸಿದಳು. ಮೊದಲ ಚೊಂಬು ನೀರು ಬೆನ್ನಿಗೆ ಬಿದ್ದದ್ದೇ ತಡ, ಅಮ್ಮ ಅವಳ ಮುಂಗೈಗೆ ಬಾಯಿ ಹಾಕಿದಳು. "ಆಯ್" ಎಂದು ಮಗಳು ಕೂಗಿ, ಕೈ ಎಳೆದುಕೊಳ್ಳದೆ ಸುಮ್ಮನಿದ್ದಳು. ಮರಿಯಾಗಿದ್ದರೆ ಆಗಲೇ ಬಿಟ್ಟಿರುತ್ತಿತ್ತು. ಅಮ್ಮ ಬಿಡಲಿಲ್ಲ.

ಮೈ ಒರೆಸಿ, ಸೀರೆ ಉಡಿಸಿ, ಅಮ್ಮನ ತಲೆ ಬಾಚುತ್ತಿರುವಾಗ ಅವಳು ಮನಸ್ಸಿನಲ್ಲೇ ತೀರ್ಮಾನಿಸಿದಳು: ತಮ್ಮ ಮತ್ತೆ ಬರುವುದರೊಳಗೆ ಇನ್ನೊಂದು ಮರಿ ತಂದಿಟ್ಟುಕೊಳ್ಳಬೇಕು.